ಹಳೆ ಕಾರಿನ ಆಯಿಲ್

ನಮ್ಮ ಕಡೆ ಬಹಳಷ್ಟು ಮನೆಗಳಿಗೆ ಬಂದ ಮೊದಲ ಕಾರು ಬೇರೆಯವರು ಓಡಿಸಿ ಬಿಟ್ಟ ಕಾರೇ. ಮಾರುತಿ 800, ಆಲ್ಟೊ, ಸ್ಯಾಂಟ್ರೊ, ವ್ಯಾಗನ್ ಆರ್, ಇಂಥವು. ಅಡಿಕೆ ಮಾರಿದ ದುಡ್ಡಿನಲ್ಲೋ, ಸೊಸೈಟಿ ಸಾಲದಲ್ಲೋ, ನಿವೃತ್ತಿಯಾದಾಗ ಬಂದ ಹಣದಲ್ಲೋ ಕೊಂಡ ಕಾರು. ಅಪ್ಪನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಲು, ಜಡಿಮಳೆಯಲ್ಲಿ ಮಕ್ಕಳನ್ನು ಶಾಲೆಗೆ ಬಿಡಲು, ವರ್ಷಕ್ಕೊಮ್ಮೆ ಧರ್ಮಸ್ಥಳಕ್ಕೋ ಸಿಗಂದೂರಿಗೋ ಹೋಗಿಬರಲು ಅದು ಬೇಕು. ಇನ್ನೊಂದು ಕಾರು ಕೊಳ್ಳುವ ಶಕ್ತಿ ಸದ್ಯಕ್ಕೆ ಯಾರಿಗೂ ಇಲ್ಲ. ಇರುವ ಕಾರೇ ಇನ್ನೂ ಏಳೆಂಟು ವರ್ಷ ನಂಬಿಕೆಯಿಂದ ಓಡಬೇಕು. ಅದಕ್ಕೆ ಮನೆಯಲ್ಲೇ ಏನು ಮಾಡಬಹುದು, ಎಂಜಿನ್‌ಗೆ ಯಾವ ಆಯಿಲ್ ಹಾಕಬೇಕು ಎಂಬುದು ಇವತ್ತಿನ ಮಾತು.

ಮಾರುತಿ 800ರ ಮೊದಲ ಕಾರು ಕೊಂಡವರ ಕೈ ಸೇರಿದ್ದು 1983ರ ಡಿಸೆಂಬರ್‌ನಲ್ಲಿ. ತಯಾರಿ ನಿಂತದ್ದು 2014ರ ಜನವರಿಯಲ್ಲಿ. ಈ ಮೂವತ್ತು ವರ್ಷಗಳಲ್ಲಿ ದೇಶದೊಳಗೆ 25 ಲಕ್ಷಕ್ಕೂ ಹೆಚ್ಚು ಮಾರಾಟವಾದವು. 2000ದಲ್ಲಿ ಬಂದ ಆಲ್ಟೊಗೂ ಇದ್ದದ್ದು ಅದೇ ಬಳಗದ 796 ಸಿಸಿ, ಮೂರು ಸಿಲಿಂಡರಿನ ಎಂಜಿನ್. ಸರಳವಾದ ಎಂಜಿನ್. ಒಂದು ಲಕ್ಷ, ಒಂದೂವರೆ ಲಕ್ಷ ಕಿಲೋಮೀಟರ್ ದಾಟಿಯೂ ಹೊಗೆಯಿಲ್ಲದೆ ಓಡುವುದನ್ನು ನೀವು ನೋಡಿದ್ದೀರಿ. ಅದೇ ಎಂಜಿನ್ ಅರವತ್ತು ಸಾವಿರಕ್ಕೇ ನೀಲಿ ಹೊಗೆ ಬಿಡುತ್ತಾ ಗ್ಯಾರೇಜಿನ ಮೂಲೆ ಸೇರುವುದನ್ನೂ ನೋಡಿದ್ದೀರಿ. ಹೆಚ್ಚಿನ ಕಡೆ ಈ ವ್ಯತ್ಯಾಸಕ್ಕೆ ಕಾರಣ ಎರಡೂವರೆ ಮೂರು ಲೀಟರ್ ಆಯಿಲ್. ಅದನ್ನು ಹೊತ್ತಿಗೆ ಸರಿಯಾಗಿ ಬದಲಾಯಿಸಿದರೋ ಇಲ್ಲವೋ, ನಡುವೆ ಕಡಿಮೆಯಾದಾಗ ಯಾರಾದರೂ ಕಣ್ಣು ಹಾಯಿಸಿದರೋ ಇಲ್ಲವೋ, ಅಷ್ಟೇ. ಹಳೆ ಕಾರಿಗೆ ದುಬಾರಿ ಆಯಿಲ್ ಬೇಕಾಗಿಲ್ಲ. ಸರಿಯಾದ ಆಯಿಲ್ ಬೇಕು, ವೇಳೆಗೆ ಬದಲಾಗಬೇಕು, ಮತ್ತು ಕಾರಿನ ಯಜಮಾನ ವಾರಕ್ಕೊಮ್ಮೆ ಬಾನೆಟ್ ಎತ್ತಿ ನೋಡಬೇಕು.

ಆಯಿಲ್ ಎಂದರೆ ಬರೀ ಜಾರುವ ಪದಾರ್ಥ ಎಂದುಕೊಳ್ಳುವವರು ಹೆಚ್ಚು. ಎಂಜಿನ್ ತಿರುಗುವಾಗ ಕ್ರ್ಯಾಂಕ್ ಶಾಫ್ಟೂ ಅದರ ಬೇರಿಂಗೂ ಒಂದಕ್ಕೊಂದು ತಾಗದಂತೆ ನಡುವೆ ಆಯಿಲಿನ ತೆಳು ಪದರ ನಿಂತಿರುತ್ತದೆ ಎಂಬುದು ನಿಜ. ಅದರ ಜೊತೆಗೆ ಪಿಸ್ಟನ್ನಿನ ಕಾವನ್ನು ಹೊತ್ತು ಆಯಿಲ್ ತುಂಬಿಕೊಂಡಿರುವ ಕೆಳಗಿನ ಚೇಂಬರಿಗೆ ತರುವುದೂ ಆಯಿಲೇ. ಪೆಟ್ರೋಲ್ ಉರಿದಾಗ ಹುಟ್ಟುವ ಮಸಿ, ಗಾಳಿಯ ಜೊತೆ ನುಗ್ಗುವ ಧೂಳು, ಎಂಜಿನ್ ತಣ್ಣಗಿರುವಾಗ ಸೇರುವ ನೀರು ಮತ್ತು ಉರಿಯದ ಪೆಟ್ರೋಲ್, ಇಷ್ಟನ್ನೂ ತನ್ನಲ್ಲಿ ಹಿಡಿದಿಟ್ಟುಕೊಳ್ಳುವುದೂ ಆಯಿಲೇ. ಇದಕ್ಕಾಗಿ ಅದರಲ್ಲಿ ಕೊಳೆ ತೊಳೆಯುವ, ಸವಕಳಿ ತಡೆಯುವ, ಕಾವಿಗೆ ಕೆಡದಂತೆ ಕಾಯುವ ರಾಸಾಯನಿಕಗಳನ್ನು ಬೆರೆಸಿರುತ್ತಾರೆ. ದಿನ ಕಳೆದಂತೆ ಇವು ಖರ್ಚಾಗುತ್ತವೆ. ಆದ್ದರಿಂದ ಆಯಿಲಿನ ಮಟ್ಟ ಅಳೆಯುವ ಕಡ್ಡಿಯಾದ ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಕಪ್ಪಗಿದ್ದರೆ ಗಾಬರಿಯಾಗಬೇಡಿ, ಮಸಿಯನ್ನು ಹಿಡಿದಿದೆ ಎಂದು ಅರ್ಥ. ಬಣ್ಣ ಕೆಟ್ಟಿಲ್ಲ ಎಂದು ಬದಲಾಯಿಸುವುದನ್ನು ಮುಂದೂಡಲೂ ಬೇಡಿ. ಗ್ಯಾಸ್ ಕಿಟ್ ಹಾಕಿಸಿದ ಕಾರಿನಲ್ಲಿ ಆಯಿಲ್ ಬೇಗ ಕಪ್ಪಾಗುವುದಿಲ್ಲ. ಅದನ್ನೇ ನಂಬಿ ಎರಡೆರಡು ವರ್ಷ ಒಂದೇ ಆಯಿಲಿನಲ್ಲಿ ಓಡಿಸುವವರಿದ್ದಾರೆ. ಗ್ಯಾಸ್ ಕಾರಿನ ಆಯಿಲೂ ಒಳಗೊಳಗೇ ಸವೆಯುತ್ತದೆ.

ಈಗ ಡಬ್ಬಿಯ ಮೇಲಿನ ಬರಹಕ್ಕೆ ಬರೋಣ. 20ಡಬ್ಲ್ಯು-40, 10ಡಬ್ಲ್ಯು-30, 5ಡಬ್ಲ್ಯು-30 ಎಂದೆಲ್ಲ ಇರುತ್ತದಲ್ಲ, ಇದು ಎಸ್‌ಎಇ ಎಂಬ ಅಮೆರಿಕದ ಎಂಜಿನಿಯರುಗಳ ಸಂಸ್ಥೆ ಮಾಡಿದ ಅಳತೆ. ಆಯಿಲ್ ಎಷ್ಟು ಗಟ್ಟಿ, ಎಷ್ಟು ತೆಳು ಎಂಬುದನ್ನಷ್ಟೇ ಅದು ಹೇಳುತ್ತದೆ. ಡಬ್ಲ್ಯು ಅಕ್ಷರಕ್ಕೆ ಮೊದಲಿರುವ ಅಂಕಿ ಚಳಿಯ ಲೆಕ್ಕ. 20ಡಬ್ಲ್ಯು ಆಯಿಲನ್ನು ಸೊನ್ನೆಗಿಂತ 15 ಡಿಗ್ರಿ ಕೆಳಗಿನ ಚಳಿಯಲ್ಲಿ ಪರೀಕ್ಷಿಸುತ್ತಾರೆ, 5ಡಬ್ಲ್ಯು ಆಯಿಲನ್ನು ಸೊನ್ನೆಗಿಂತ 30 ಡಿಗ್ರಿ ಕೆಳಗೆ. ಅಷ್ಟು ಚಳಿಯಲ್ಲೂ ಸ್ಟಾರ್ಟರ್ ಎಂಜಿನ್ನನ್ನು ತಿರುಗಿಸುವಷ್ಟು ಅದು ತೆಳುವಾಗಿರಬೇಕು. ಕೊನೆಯ ಅಂಕಿ ಬಿಸಿಯ ಲೆಕ್ಕ. ಆಯಿಲನ್ನು 100 ಡಿಗ್ರಿಗೆ ಕಾಯಿಸಿ ಅಳೆದಾಗ ಎಷ್ಟು ಗಟ್ಟಿಯಾಗಿ ಉಳಿದಿದೆ ಎಂಬುದು. ಆ ಕಾವಿನಲ್ಲಿ 40ರ ಆಯಿಲ್ 20ರ ಆಯಿಲಿಗಿಂತ ಹೆಚ್ಚುಕಡಿಮೆ ಎರಡರಷ್ಟು ಗಟ್ಟಿ.

ನಮ್ಮ ರಾಜ್ಯದಲ್ಲಿ ಬೀದರ್, ವಿಜಯಪುರದ ಕಡೆ ಚಳಿಗಾಲದ ರಾತ್ರಿ ಪಾದರಸ ಹತ್ತು ಡಿಗ್ರಿಗಿಂತ ಕೆಳಗೆ ಇಳಿಯುವುದುಂಟು. ಅದಕ್ಕಿಂತ ಬಹಳ ಕೆಳಗೆ ಹೋಗುವುದಿಲ್ಲ. ಬೇಸಿಗೆಯಲ್ಲಿ ಕಲಬುರಗಿ, ರಾಯಚೂರಿನಲ್ಲಿ ನಲವತ್ತು ದಾಟುತ್ತದೆ. ಹಾಗಾಗಿ ಚಳಿಗೆ ಆಯಿಲ್ ಹೆಪ್ಪುಗಟ್ಟೀತು ಎಂಬ ಭಯ ಇಲ್ಲಿ ಯಾರಿಗೂ ಬೇಡ. ಆದರೂ ಬೆಳಿಗ್ಗೆ ಮೊದಲ ಸಲ ಕೀ ತಿರುಗಿಸಿದಾಗ ಆಯಿಲ್ ಕೆಳಗಿನ ಚೇಂಬರಿನಿಂದ ಮೇಲಿನ ಕ್ಯಾಮ್ ಶಾಫ್ಟಿನವರೆಗೆ ಏರಬೇಕು. ತೆಳು ಆಯಿಲ್ ಬೇಗ ಏರುತ್ತದೆ, ಗಟ್ಟಿ ಆಯಿಲ್ ನಿಧಾನಕ್ಕೆ. ಮೊದಲ ಅಂಕಿ ಚಿಕ್ಕದಿದ್ದರೆ ಸಿಗುವ ಲಾಭ ನಮ್ಮ ಹವೆಯಲ್ಲಿ ಅಷ್ಟರ ಮಟ್ಟಿಗೆ. ಪೆಟ್ರೋಲಿನಲ್ಲೂ ಸ್ವಲ್ಪ ಉಳಿತಾಯವಾಗುತ್ತದೆ.

ಡಬ್ಬಿಯ ಮೇಲೆ ಇನ್ನೊಂದು ಗುರುತಿದೆ, ಅದನ್ನು ಓದುವವರು ಕಡಿಮೆ. ಎಪಿಐ ಎಂದು ಬರೆದು ಮುಂದೆ ಎಸ್‌ಎಲ್, ಎಸ್‌ಎಮ್, ಎಸ್‌ಎನ್, ಎಸ್‌ಪಿ ಎಂದು ಎರಡು ಅಕ್ಷರ ಇರುತ್ತವೆ. ಆಯಿಲಿನ ಗುಣಮಟ್ಟ ಹೇಳುವುದು ಈ ಗುರುತು. ಎಸ್‌ನಿಂದ ಶುರುವಾದರೆ ಪೆಟ್ರೋಲ್ ಎಂಜಿನ್ನಿಗೆ, ಸಿಯಿಂದ ಶುರುವಾದರೆ ಡೀಸೆಲ್‌ಗೆ. ಎರಡನೆಯ ಅಕ್ಷರ ವರ್ಣಮಾಲೆಯಲ್ಲಿ ಮುಂದಕ್ಕೆ ಹೋದಷ್ಟೂ ಆಯಿಲ್ ಹೊಸ ಕಾಲದ್ದು. ಎಸ್‌ಎಲ್ 2001ರದು, ಎಸ್‌ಎನ್ 2010ರದು, ಎಸ್‌ಪಿ 2020ರದು. ಪೆಟ್ರೋಲ್ ಕಾರಿನ ಕೈಪಿಡಿಯಲ್ಲಿ ಎಸ್‌ಎಲ್ ಸಾಕು ಎಂದಿದ್ದರೆ ಎಸ್‌ಎನ್ ಧಾರಾಳವಾಗಿ ಹಾಕಬಹುದು. ಎಸ್‌ಎನ್ ಬೇಕು ಎಂದಿರುವ ಕಡೆ ಅಂಗಡಿಯ ಮೂಲೆಯಲ್ಲಿ ಉಳಿದ ಎಸ್‌ಎಲ್ ಡಬ್ಬಿ ತರಬೇಡಿ. ಗಟ್ಟಿತನದ ಅಂಕಿ ಎಷ್ಟೇ ಸರಿಯಿರಲಿ, ಈ ಗುರುತೇ ಇಲ್ಲದ ಡಬ್ಬಿಯನ್ನು ಕೈಯಲ್ಲಿ ಹಿಡಿಯಲೂ ಬೇಡಿ.

ಹಾಗಾದರೆ ನಿಮ್ಮ ಕಾರಿಗೆ ಯಾವುದು? ಕಾರಿನ ಜೊತೆ ಬರುವ ಮಾಲೀಕರ ಕೈಪಿಡಿಯನ್ನು ತೆರೆಯಿರಿ. ಸೆಕೆಂಡ್ ಹ್ಯಾಂಡ್ ಕಾರಿನಲ್ಲಿ ಅದು ಹೆಚ್ಚಾಗಿ ಕಳೆದುಹೋಗಿರುತ್ತದೆ. ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಕೇಳಿದರೆ, ಅಥವಾ ಅದೇ ವರ್ಷದ ಅದೇ ಮಾದರಿ ಇಟ್ಟುಕೊಂಡವರಲ್ಲಿ ಕೇಳಿದರೆ ಸಿಗುತ್ತದೆ. ಆಯಿಲಿನ ಪುಟದಲ್ಲಿ ಹೊರಗಿನ ಉಷ್ಣತೆಯ ಪಟ್ಟಿ ಹಾಕಿ, ಯಾವ ಹವೆಗೆ ಯಾವ ಗ್ರೇಡ್ ಎಂದು ತೋರಿಸಿರುತ್ತಾರೆ. ಹಳೆಯ 800ರಂಥ ಕಾರುಗಳು 20ಡಬ್ಲ್ಯು-40ರಲ್ಲಿ ನಮ್ಮ ಸೆಕೆಯಲ್ಲಿ ದಶಕಗಟ್ಟಲೆ ಓಡಿವೆ. ಆಮೇಲಿನ ಆಲ್ಟೊ 800, ಕೆ10ನಂಥವಕ್ಕೆ 5ಡಬ್ಲ್ಯು-30 ಸಾಮಾನ್ಯ. ತೀರ ಈಚಿನ ಸಣ್ಣ ಕಾರುಗಳಿಗೆ 0ಡಬ್ಲ್ಯು-20, 0ಡಬ್ಲ್ಯು-16ರಂಥ ಬಹಳ ತೆಳುವಾದ ಆಯಿಲ್ ಹೇಳಿರುತ್ತಾರೆ. ಅವುಗಳ ಬೇರಿಂಗಿನ ಸಂದು, ಆಯಿಲ್ ಪಂಪು, ಆಯಿಲಿನ ಒತ್ತಡದಿಂದಲೇ ಕೆಲಸ ಮಾಡುವ ವಾಲ್ವ್ ಭಾಗಗಳು ಎಲ್ಲವೂ ಆ ತೆಳು ಆಯಿಲಿಗೆ ಹೊಂದಿಸಿ ಮಾಡಿದವು. "ಇಷ್ಟು ತೆಳು ಆಯಿಲ್ ನಮ್ಮ ಸೆಕೆಗೆ ತಡೆಯುತ್ತದೆಯೇ" ಎಂದು ಅಂಥ ಎಂಜಿನ್ನಿಗೆ 20ಡಬ್ಲ್ಯು-50 ಸುರಿಯುವುದು ಅದಕ್ಕೆ ಮಾಡುವ ಅನ್ಯಾಯ. ಹಾಗೆಯೇ 1998ರ 800ಕ್ಕೆ 0ಡಬ್ಲ್ಯು-16 ಹಾಕಿದರೆ ಸವೆದ ಬೇರಿಂಗಿನ ಸಂದಿನಲ್ಲಿ ಪದರ ನಿಲ್ಲುವುದಿಲ್ಲ.

ಮಿನರಲ್ಲೋ ಸಿಂಥೆಟಿಕ್ಕೋ ಎಂಬ ಪ್ರಶ್ನೆ ಎಲ್ಲರೂ ಕೇಳುತ್ತಾರೆ. ಸಿಂಥೆಟಿಕ್ ಎಂಬ ಹೆಸರಿನಲ್ಲಿ ಸಿಗುವ ಆಯಿಲ್‌ಗಳಲ್ಲೂ ಬಹುಪಾಲು ಕಚ್ಚಾ ತೈಲದಿಂದಲೇ ಬಂದವು, ಇನ್ನಷ್ಟು ಶುದ್ಧಿ ಮಾಡಿದವು. ಕಾವಿಗೆ ಅವು ಬೇಗ ಕೆಡುವುದಿಲ್ಲ, ಚಳಿಯಲ್ಲಿ ಸಲೀಸಾಗಿ ಹರಿಯುತ್ತವೆ. ಕೈಪಿಡಿ 0ಡಬ್ಲ್ಯು ಎಂದರೆ ಬೇರೆ ದಾರಿಯೇ ಇಲ್ಲ, ಸಿಂಥೆಟಿಕ್ಕೇ ಬೇಕು. ಹದಿನೈದು ವರ್ಷದ, ದಿನಕ್ಕೆ ಹತ್ತು ಕಿಲೋಮೀಟರ್ ಓಡುವ 800ಕ್ಕೆ ಒಳ್ಳೆಯ ಕಂಪನಿಯ ಮಿನರಲ್ ಆಯಿಲ್ ಆರು ತಿಂಗಳಿಗೊಮ್ಮೆ ಹಾಕುವುದು ನನ್ನ ಪ್ರಕಾರ ಮೇಲು. ದುಬಾರಿ ಸಿಂಥೆಟಿಕ್ ಹಾಕಿ, ದುಡ್ಡು ಕೊಟ್ಟಿದ್ದೇನಲ್ಲ ಎಂದು ಎರಡು ವರ್ಷ ಮರೆತು ಬಿಡುವುದಕ್ಕಿಂತ ಅದು ಎಂಜಿನ್ನಿಗೂ ಹಿತ, ಜೇಬಿಗೂ ಹಿತ. ಇನ್ನು ಆಯಿಲಿಗೆ ಬೆರೆಸಿ ಎಂದು ಕೌಂಟರಿನಲ್ಲಿ ಮುಂದೆ ತಳ್ಳುವ ಪುಟ್ಟ ಸೀಸೆಗಳು. ಒಳ್ಳೆಯ ಆಯಿಲಿನಲ್ಲಿ ಬೇಕಾದ ರಾಸಾಯನಿಕಗಳನ್ನು ಲೆಕ್ಕ ಹಾಕಿಯೇ ಸೇರಿಸಿರುತ್ತಾರೆ. ಆ ಸೀಸೆಯ ದುಡ್ಡಿಗೆ ಹೊಸ ಆಯಿಲ್ ಫಿಲ್ಟರ್ ಬರುತ್ತದೆ, ಅದನ್ನು ಕೊಳ್ಳಿ.

ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವಾಗ ಎಲ್ಲರೂ ಪೇಂಟು ನೋಡುತ್ತಾರೆ, ಸೀಟ್ ಕವರ್ ನೋಡುತ್ತಾರೆ, ಮ್ಯೂಸಿಕ್ ಸಿಸ್ಟಂ ಹಾಕಿ ಕೇಳುತ್ತಾರೆ. ಆಯಿಲ್ ಹಾಕುವ ಮುಚ್ಚಳ ಬಿಚ್ಚಿ ನೋಡುವವರು ಅಪರೂಪ. ನಮ್ಮ ಕೇರಿಯ ಹುಡುಗಿಯೊಬ್ಬಳು, ಪ್ರೈಮರಿ ಶಾಲೆಯ ಟೀಚರ್, ಒಂದು ಆಲ್ಟೊ ತಂದಳು. "ಚಿಕ್ಕಪ್ಪ, ಓಡಿದ್ದು ಬರೀ ನಲವತ್ತೆಂಟು ಸಾವಿರ ಅಂತೆ, ಎಂಜಿನ್ ಹೊಸದರ ಹಾಗಿದೆ ಅಂದ್ರು. ನೀವೊಂದ್ಸಲ ನೋಡ್ತೀರಾ?" ಎಂದಳು. ಹೊರಗಿನಿಂದ ನಿಜಕ್ಕೂ ಚೆನ್ನಾಗಿತ್ತು. ಎಂಜಿನ್ ಮೇಲಿನ ಮುಚ್ಚಳ ತಿರುಗಿಸಿ ತೆಗೆದೆ. ಮುಚ್ಚಳದ ಒಳಬದಿಗೆ ಪಾಕ ಮೀರಿದ ಜೋನಿಬೆಲ್ಲದ ಹಾಗೆ ಕಪ್ಪು ಜಿಗಟು ಮೆತ್ತಿಕೊಂಡಿತ್ತು. ಬೆರಳಲ್ಲಿ ಕೆರೆದರೆ ಉಗುರಿನ ಸಂದಿಗೆ ತುಂಬಿತು. ಟಾರ್ಚ್ ಬಿಟ್ಟು ಒಳಗೆ ಇಣುಕಿದರೆ ಕ್ಯಾಮ್ ಶಾಫ್ಟಿನ ಲೋಹ ಕಾಣಬೇಕಾದ ಕಡೆ ಅದೇ ಕಪ್ಪು. ಕಿಲೋಮೀಟರ್ ಮೀಟರು ಏನೇ ಹೇಳಲಿ, ಹಿಂದಿನವರು ವರ್ಷಗಟ್ಟಲೆ ಆಯಿಲ್ ಬದಲಾಯಿಸಿರಲಿಲ್ಲ.

ಇಂಥ ಎಂಜಿನ್ನಿಗೆ ಏನು ಮಾಡಬೇಕು? ಗ್ಯಾರೇಜಿನಲ್ಲಿ ಫ್ಲಶ್ ಮಾಡೋಣ ಎನ್ನುತ್ತಾರೆ. ಹತ್ತು ನಿಮಿಷದಲ್ಲಿ ಕೊಳೆ ಕರಗಿಸುವ ದ್ರವ ಹಾಕಿ ಓಡಿಸಿ ಬಸಿದು ತೆಗೆಯುವುದು. ಕೊಳೆ ಸ್ವಲ್ಪವೇ ಇದ್ದರೆ ಅದರಿಂದ ತೊಂದರೆಯಿಲ್ಲ. ಹೀಗೆ ಗಟ್ಟಿಯಾಗಿ ಕೂತಿರುವಾಗ ಅದು ಚಕ್ಕೆ ಚಕ್ಕೆಯಾಗಿ ಎದ್ದು, ಚೇಂಬರಿನ ತಳದಲ್ಲಿ ಆಯಿಲ್ ಹೀರುವ ಜಾಲರಿಗೆ ಅಡ್ಡ ಕೂರುತ್ತದೆ. ಜಾಲರಿ ಕಟ್ಟಿದರೆ ಮೇಲಕ್ಕೆ ಆಯಿಲ್ ಇಲ್ಲ, ಬೇರಿಂಗ್ ಹೋಯಿತು. ನಿಧಾನದ ದಾರಿಯೇ ಸುರಕ್ಷಿತ. ಕೈಪಿಡಿ ಹೇಳಿದ ಗ್ರೇಡಿನ ಸಾಮಾನ್ಯ ಆಯಿಲ್, ಹೊಸ ಫಿಲ್ಟರ್. ಸಾವಿರ ಕಿಲೋಮೀಟರಿಗೆ ಬಸಿದು ಮತ್ತೆ ಹೊಸದು, ಆಮೇಲೆ ಎರಡು ಸಾವಿರಕ್ಕೆ ಇನ್ನೊಮ್ಮೆ. ಆಯಿಲಿನಲ್ಲಿರುವ ಕೊಳೆ ತೊಳೆಯುವ ಗುಣವೇ ಕೆಲಸ ಮಾಡಿಕೊಳ್ಳುತ್ತದೆ. ಆ ಟೀಚರ್ ಹಾಗೆಯೇ ಮಾಡಿದಳು. ಕೆಲವು ತಿಂಗಳ ಮೇಲೆ ಮುಚ್ಚಳ ತೆಗೆದಾಗ ಒಳಗಿನ ಲೋಹ ಅಲ್ಲಲ್ಲಿ ಹೊಳೆಯುತ್ತಿತ್ತು. ಕಾರು ಈಗಲೂ ಓಡುತ್ತಿದೆ. ನೀವೂ ಹಳೆ ಕಾರು ತಂದ ವಾರವೇ, ಮಾರಿದವರು "ಈಗಷ್ಟೇ ಸರ್ವಿಸ್ ಆಗಿದೆ" ಎಂದರೂ, ಆಯಿಲೂ ಫಿಲ್ಟರೂ ಬದಲಾಯಿಸಿ. ಅಲ್ಲಿಂದ ಲೆಕ್ಕ ನಿಮ್ಮದು.

ಇನ್ನು ಹೊಗೆಯ ಮಾತು. ಸೈಲೆನ್ಸರಿನಿಂದ ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ. ಬಿಳಿ ಹೊಗೆ ಎಂಜಿನ್ ಬಿಸಿಯಾದ ಮೇಲೂ ನಿಲ್ಲದೆ ಬರುತ್ತಿದ್ದರೆ ಕೂಲಂಟ್ ಒಳಗೆ ಸೋರುತ್ತಿರಬಹುದು. ಕಪ್ಪು ಹೊಗೆ ಪೆಟ್ರೋಲ್ ಹೆಚ್ಚಾಗಿ ಹೋಗುತ್ತಿರುವುದರ ಗುರುತು. ನೀಲಿ ಹೊಗೆ ಕಂಡ ಕೂಡಲೇ ಗ್ಯಾರೇಜಿನಲ್ಲಿ ಕೇಳಿಬರುವ ಮಾತು ಒಂದೇ: "ಸಾರ್, 20ಡಬ್ಲ್ಯು-50 ಹಾಕ್ಬಿಡಿ, ಹೊಗೆ ತಾನೇ ನಿಲ್ಲತ್ತೆ." ಗಟ್ಟಿ ಆಯಿಲ್ ಸವೆದ ರಿಂಗಿನ ಸಂದಿನಲ್ಲಿ ಕಡಿಮೆ ನುಸುಳುತ್ತದೆ, ಆ ಮಾತು ಸುಳ್ಳಲ್ಲ. ಆದರೆ ಹೊಗೆ ಎಲ್ಲಿಂದ ಬರುತ್ತಿದೆ ಎಂದು ನೋಡದೆ ಆಯಿಲ್ ಗಟ್ಟಿ ಮಾಡುವುದು ರೋಗ ಕೇಳದೆ ಗುಳಿಗೆ ಕೊಟ್ಟಂತಾಗುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಮಾತ್ರ ಒಮ್ಮೆ ಬುಸ್ಸೆಂದು ನೀಲಿ ಹೊಗೆ ಬಂದು ನಿಂತರೆ ವಾಲ್ವಿನ ಸೀಲುಗಳು ಒಣಗಿ ಬಿರುಸಾಗಿವೆ. ಏರಿನಲ್ಲಿ ಆಕ್ಸಿಲರೇಟರ್ ತುಳಿದಾಗ ಬಂದರೆ ಪಿಸ್ಟನ್ ರಿಂಗಿನ ಮೇಲೆ ಅನುಮಾನ. ಇವೆರಡಕ್ಕೂ ಮೊದಲು ನೋಡಬೇಕಾದ್ದು ಪಿಸಿವಿ ಎಂಬ ಸಣ್ಣ ವಾಲ್ವ್. ಎಂಜಿನ್ ಒಳಗಿನ ಆವಿಯನ್ನು ಹೀರಿ ಮತ್ತೆ ಉರಿಯಲು ಕಳಿಸುವ ಕೊಳವೆಯಲ್ಲಿ ಅದು ಕೂತಿರುತ್ತದೆ. ಅದು ಜಿಗಟು ಹಿಡಿದು ಕಟ್ಟಿಕೊಂಡರೆ ಒಳಗೆ ಒತ್ತಡ ಏರಿ, ಎಂಜಿನ್ ಸವೆಯದಿದ್ದರೂ ಆಯಿಲ್ ಉರಿಯುತ್ತದೆ, ಸೀಲುಗಳಲ್ಲಿ ಜಿನುಗುತ್ತದೆ. ಬಿಡಿಭಾಗಕ್ಕೆ ಹೆಚ್ಚಿನ ಬೆಲೆಯಿಲ್ಲ. ಅದನ್ನು ನೋಡದೆಯೇ ಎಂಜಿನ್ ಬಿಚ್ಚಿದ ಕಾರುಗಳಿವೆ ಎಂಬುದು ನನಗೆ ಬಹಳ ಸಂಕಟ ಕೊಡುವ ಸಂಗತಿ.

ಇಷ್ಟೆಲ್ಲ ನೋಡಿದ ಮೇಲೂ ಆಯಿಲ್ ಕಡಿಮೆಯಾಗುತ್ತಿದ್ದರೆ, ಸಾವಿರ ಕಿಲೋಮೀಟರಿಗೆ ಎಷ್ಟು ಎಂದು ಬರೆದಿಡಿ. ಕಾಲು ಲೀಟರ್ ಆಸುಪಾಸು ಆದರೆ ಮೇಲಿಂದ ಹಾಕಿಕೊಂಡು ಓಡಿಸಿ. ಹಳೆಯ ಎಂಜಿನ್ನು ಅಷ್ಟು ಕುಡಿಯುತ್ತದೆ. ಕೈಪಿಡಿಯ ಪಟ್ಟಿಯೊಳಗೇ ಒಂದು ಮೆಟ್ಟಿಲು ಗಟ್ಟಿ ಆಯಿಲಿಗೆ ಹೋಗುವುದೂ ಸರಿಯೇ. ಅರ್ಧ ಲೀಟರ್ ದಾಟಿದರೆ ಎಂಜಿನ್ ಕೆಲಸದ ಖರ್ಚನ್ನೂ ಕಾರಿನ ಬೆಲೆಯನ್ನೂ ಒಟ್ಟಿಗೆ ಇಟ್ಟು ಯೋಚಿಸಬೇಕಾದ ಹೊತ್ತು.

ಡಿಪ್‌ಸ್ಟಿಕ್ ನೋಡುವುದಕ್ಕೆ ಎರಡು ನಿಮಿಷ ಸಾಕು. ಬೆಳಿಗ್ಗೆ, ಸ್ಟಾರ್ಟ್ ಮಾಡುವ ಮೊದಲು, ಕಾರು ಸಮತಟ್ಟಾದ ಜಾಗದಲ್ಲಿರಬೇಕು. ನಮ್ಮ ಮಲೆನಾಡಿನ ಮನೆಗಳಲ್ಲಿ ಅಂಗಳವೇ ಇಳಿಜಾರು, ಅಲ್ಲಿ ನೋಡಿದರೆ ಲೆಕ್ಕ ತಪ್ಪುತ್ತದೆ. ಕಡ್ಡಿಯನ್ನು ಎಳೆದು, ನೂಲು ಬಿಡದ ಹಳೆ ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಳಗೆ ತಳ್ಳಿ, ಮತ್ತೆ ಎಳೆಯಿರಿ. ಎರಡನೆಯ ಸಲ ಕಂಡದ್ದೇ ನಿಜವಾದ ಮಟ್ಟ. ಎರಡು ಗುರುತುಗಳ ನಡುವೆ, ಮೇಲಿನದಕ್ಕೆ ಹತ್ತಿರ ಇದ್ದರೆ ಒಳ್ಳೆಯದು. ಕಡಿಮೆಯಿದ್ದರೆ ಒಂದೊಂದು ಲೋಟದಷ್ಟು ಹಾಕಿ, ಸ್ವಲ್ಪ ತಡೆದು, ಮತ್ತೆ ನೋಡಿ. ಒಂದಿಷ್ಟು ಹೆಚ್ಚೇ ಇರಲಿ ಎಂದು ಮೇಲಿನ ಗುರುತು ದಾಟಿಸಬೇಡಿ. ಕ್ರ್ಯಾಂಕ್ ಶಾಫ್ಟ್ ಆಯಿಲಿಗೆ ಬಡಿದು ನೊರೆ ಎಬ್ಬಿಸುತ್ತದೆ, ನೊರೆಯಲ್ಲಿ ಗಾಳಿ ಇರುತ್ತದೆ, ಗಾಳಿ ಬೇರಿಂಗನ್ನು ಕಾಯುವುದಿಲ್ಲ. ದಾರಿಯಲ್ಲಿ ಕಡಿಮೆಯಾಗಿ ನಿಮ್ಮ ಬ್ರ್ಯಾಂಡ್ ಸಿಗದಿದ್ದರೆ, ಎಪಿಐ ಗುರುತಿರುವ ಬೇರೆ ಕಂಪನಿಯ ಪೆಟ್ರೋಲ್ ಎಂಜಿನ್ ಆಯಿಲ್ ಹಾಕಿ. ಅವು ಒಂದರೊಡನೊಂದು ಬೆರೆಯುವಂತೆಯೇ ಇರಬೇಕೆಂಬ ನಿಯಮವಿದೆ. ಆಯಿಲ್ ಇಲ್ಲದೆ ಓಡಿಸುವುದಕ್ಕಿಂತ ಅದು ನೂರು ಪಾಲು ಮೇಲು.

ಕಡ್ಡಿಯನ್ನು ಮೂಗಿನ ಹತ್ತಿರ ಹಿಡಿದು ವಾಸನೆಯನ್ನೂ ನೋಡಿ. ಪೆಟ್ರೋಲ್ ವಾಸನೆ ಗಾಢವಾಗಿ ಬಂದರೆ, ಅಥವಾ ಹಾಕದೆಯೇ ಆಯಿಲಿನ ಮಟ್ಟ ಏರಿದ್ದರೆ, ಉರಿಯದ ಪೆಟ್ರೋಲ್ ಅಥವಾ ನೀರು ಕೆಳಗಿಳಿದು ಆಯಿಲನ್ನು ಸೇರುತ್ತಿದೆ. ಆಯಿಲ್ ಹಾಕುವ ಮುಚ್ಚಳದ ಒಳಗೆ ಬೆಳ್ಳಗಿನ ನೊರೆಯಂಥ ಪದರ ಕಂಡರೆ ನೀರು ಸೇರಿದೆ. ಮಳೆಗಾಲದಲ್ಲಿ ದಿನವೂ ಎರಡು ಮೂರು ಕಿಲೋಮೀಟರ್ ಮಾತ್ರ ಓಡುವ ಕಾರಿನಲ್ಲಿ ಇದು ಬರೀ ಆವಿಯ ನೀರಿರಬಹುದು. ಒಮ್ಮೆ ಅರ್ಧ ಗಂಟೆ ಹೆದ್ದಾರಿಯಲ್ಲಿ ಓಡಿಸಿ ತಂದರೆ ಆರಿಹೋಗುತ್ತದೆ. ಕಡ್ಡಿಯಲ್ಲೂ ಅದೇ ಬಿಳುಪು ಇದ್ದು, ರೇಡಿಯೇಟರಿನಲ್ಲಿ ಕೂಲಂಟೂ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿದೆ. ಕಾರನ್ನು ಅಲ್ಲೇ ನಿಲ್ಲಿಸಿ ಮೆಕ್ಯಾನಿಕ್ಕಿಗೆ ಫೋನ್ ಮಾಡಿ.

ಎಷ್ಟು ದಿನಕ್ಕೆ ಬದಲಾಯಿಸಬೇಕು ಎಂಬ ಪ್ರಶ್ನೆಗೆ ಎಲ್ಲರೂ ಕಿಲೋಮೀಟರ್ ಎಣಿಸುತ್ತಾರೆ. ಹಳೆಯ ಕಾರುಗಳಿಗೆ 5,000, ಈಚಿನವಕ್ಕೆ 10,000 ಎಂಬ ಅಂಕಿಗಳು ಬಾಯಿಗೆ ಬಂದುಬಿಟ್ಟಿವೆ. ಕೈಪಿಡಿಯಲ್ಲಿ ಆ ಅಂಕಿಯ ಪಕ್ಕದಲ್ಲೇ ತಿಂಗಳ ಲೆಕ್ಕವೂ ಇರುತ್ತದೆ, ಯಾವುದು ಮೊದಲೋ ಅದು ಎಂದು. ಮನೆಯಿಂದ ಪೇಟೆಗೆ, ಪೇಟೆಯಿಂದ ಮನೆಗೆ ಓಡುವ ಕಾರು ವರ್ಷಕ್ಕೆ ಮೂರು ಸಾವಿರವೂ ದಾಟುವುದಿಲ್ಲ. ಎಂಜಿನ್ ಪೂರ್ತಿ ಬಿಸಿಯಾಗುವ ಮೊದಲೇ ಆಫ್ ಆಗುತ್ತದೆ, ಒಳಗೆ ಸೇರಿದ ನೀರೂ ಪೆಟ್ರೋಲೂ ಆವಿಯಾಗಿ ಹೋಗುವುದೇ ಇಲ್ಲ. ಹೆದ್ದಾರಿಯಲ್ಲಿ ದಿನಾ ನೂರು ಕಿಲೋಮೀಟರ್ ಓಡುವ ಟ್ಯಾಕ್ಸಿಯ ಆಯಿಲಿಗಿಂತ ಈ ಕಾರಿನ ಆಯಿಲ್ ಬೇಗ ಕೆಡುತ್ತದೆ. ಕಡಿಮೆ ಓಡುವ ಹಳೆ ಕಾರಿಗೆ ಆರು ತಿಂಗಳಿಗೊಮ್ಮೆ, ಹೆಚ್ಚೆಂದರೆ ವರ್ಷಕ್ಕೊಮ್ಮೆ ಬದಲಾಯಿಸಿ. ಮಳೆಗಾಲ ಮುಗಿದ ಮೇಲೆ, ದೀಪಾವಳಿಯ ಹೊತ್ತಿಗೆ ಎಂದು ಗುರುತಿಟ್ಟುಕೊಂಡರೆ ಮರೆಯುವುದಿಲ್ಲ.

ಮನೆಯಲ್ಲೇ ಆಯಿಲ್ ಬದಲಾಯಿಸಲು ಕೈ ಕುದುರಿದವರಿಗೆ ಕಷ್ಟವೇನಿಲ್ಲ. ಒಂದು ವಿಷಯದಲ್ಲಿ ಮಾತ್ರ ನಾನು ಹಟ ಹಿಡಿಯುತ್ತೇನೆ. ಬರೀ ಜಾಕ್ ಕೊಟ್ಟು ಎತ್ತಿದ ಕಾರಿನ ಕೆಳಗೆ ಯಾರೂ ತಲೆ ಹಾಕಬಾರದು. ಜಾಕ್ ಇರುವುದು ಸ್ಟೆಪ್ನಿ ಹಾಕಲು. ಕಬ್ಬಿಣದ ಜಾಕ್ ಸ್ಟ್ಯಾಂಡ್ ಇಟ್ಟು, ನೆಲದಲ್ಲಿ ಉಳಿದ ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಟ್ಟು, ಕಾರನ್ನು ಕೈಯಲ್ಲಿ ಅಲುಗಿಸಿ ನೋಡಿದ ಮೇಲೆ ಕೆಳಗೆ ಹೋಗಿ. ಇಟ್ಟಿಗೆ, ಹಾಲೋ ಬ್ಲಾಕ್ ಭಾರಕ್ಕೆ ಇದ್ದಕ್ಕಿದ್ದಂತೆ ಒಡೆಯುತ್ತವೆ, ಅವನ್ನು ನಂಬಬೇಡಿ. ಇಷ್ಟು ಅನುಕೂಲ ಇಲ್ಲದಿದ್ದರೆ ಆಯಿಲೂ ಫಿಲ್ಟರೂ ನೀವೇ ಕೊಂಡು, ಪಿಟ್ ಇರುವ ಗ್ಯಾರೇಜಿಗೆ ಹೋಗಿ, ಎದುರಿಗೆ ನಿಂತು ಹಾಕಿಸಿ.

ಎಂಜಿನ್ನನ್ನು ಐದಾರು ನಿಮಿಷ ಓಡಿಸಿ ಉಗುರುಬೆಚ್ಚಗೆ ಮಾಡಿ, ಆರಿಸಿ. ಕುದಿಯುವಷ್ಟು ಬಿಸಿ ಬೇಡ, ಕೈ ಸುಡುತ್ತದೆ. ಮೇಲಿನ ಮುಚ್ಚಳ ಸಡಿಲಿಸಿ, ಕೆಳಗೆ ಅಗಲ ಬಾಯಿಯ ಟಬ್ ಇಟ್ಟು, ಚೇಂಬರಿನ ತಳದ ಬೋಲ್ಟನ್ನು ಸರಿಯಾದ ಅಳತೆಯ ಸ್ಪ್ಯಾನರಿನಲ್ಲಿ ಬಿಚ್ಚಿ. ಕೈಗವಸು ಹಾಕಿಕೊಳ್ಳಿ, ಬಳಸಿದ ಆಯಿಲ್ ಚರ್ಮಕ್ಕೆ ಒಳ್ಳೆಯದಲ್ಲ. ಪೂರ್ತಿ ಬಸಿಯಲು ಬಿಡಿ. ಬೋಲ್ಟಿನ ಕೆಳಗಿನ ವಾಷರ್ ಹೊಸದು ಹಾಕಿ, ಹದವಾಗಿ ಬಿಗಿಯಿರಿ. ಇಲ್ಲಿ ಬಲ ತೋರಿಸಿದರೆ ಚೇಂಬರಿನ ಥ್ರೆಡ್ ಕಿತ್ತುಹೋಗುತ್ತದೆ. ಹಳೆ ಫಿಲ್ಟರ್ ತೆಗೆದಾಗ ಅದರ ರಬ್ಬರ್ ಬಳೆ ಎಂಜಿನ್ನಿಗೇ ಅಂಟಿಕೊಂಡು ಉಳಿದಿದೆಯೇ ಎಂದು ಬೆರಳಿಟ್ಟು ನೋಡಿ. ಎರಡು ರಬ್ಬರ್ ಒಂದರ ಮೇಲೊಂದು ಕೂತರೆ ಓಡುವಾಗ ಆಯಿಲೆಲ್ಲ ರಸ್ತೆ ಪಾಲು. ಹೊಸ ಫಿಲ್ಟರಿನ ರಬ್ಬರಿಗೆ ಹೊಸ ಆಯಿಲ್ ಸವರಿ ಕೈಯಲ್ಲೇ ತಿರುಗಿಸಿ. ರಬ್ಬರ್ ತಾಗಿದ ಮೇಲೆ ಇನ್ನು ಮುಕ್ಕಾಲು ಸುತ್ತು ಸಾಕು. ಕೈಪಿಡಿಯ ಅಳತೆಗಿಂತ ಸ್ವಲ್ಪ ಕಡಿಮೆ ಸುರಿದು, ಸ್ಟಾರ್ಟ್ ಮಾಡಿ. ಡ್ಯಾಶ್‌ಬೋರ್ಡಿನ ಕೆಂಪು ಆಯಿಲ್ ದೀಪ ಕೆಲವೇ ಕ್ಷಣದಲ್ಲಿ ಆರಬೇಕು. ಆಫ್ ಮಾಡಿ ಐದು ನಿಮಿಷ ಬಿಟ್ಟು ಮಟ್ಟ ನೋಡಿ ಉಳಿದದ್ದು ಹಾಕಿ. ಕೆಳಗೆ ಬಗ್ಗಿ, ಬೋಲ್ಟಿನ ಹತ್ತಿರ, ಫಿಲ್ಟರಿನ ಹತ್ತಿರ ಹನಿಯುತ್ತಿದೆಯೇ ನೋಡಿ. ದಿನಾಂಕ, ಕಿಲೋಮೀಟರ್, ಗ್ರೇಡು ಮೂರನ್ನೂ ಪುಸ್ತಕದಲ್ಲಿ ಬರೆಯಿರಿ.

ಆ ಕೆಂಪು ದೀಪದ ಬಗ್ಗೆ ಇನ್ನೊಂದು ಮಾತು. ಅದು ತೋರಿಸುವುದು ಆಯಿಲಿನ ಒತ್ತಡವನ್ನು. ಆಯಿಲ್ ಅರ್ಧ ಲೀಟರ್ ಕಡಿಮೆಯಾಗಿದೆ ಎಂದು ಅದು ಮುಂಚೆಯೇ ಎಚ್ಚರಿಸುವುದಿಲ್ಲ. ಓಡುವಾಗ ಅದು ಹೊತ್ತಿಕೊಂಡಿತೆಂದರೆ ಬೇರಿಂಗಿಗೆ ಆಯಿಲ್ ಮುಟ್ಟುತ್ತಿಲ್ಲ. ಮುಂದಿನ ಊರಿಗೆ ಹೋಗಿ ನೋಡೋಣ ಎನ್ನಬೇಡಿ. ರಸ್ತೆ ಬದಿಗೆ ಸರಿಸಿ ಆ ಕ್ಷಣವೇ ಎಂಜಿನ್ ಆರಿಸಿ.

ಆಯಿಲ್ ಚೆನ್ನಾಗಿರಬೇಕಾದರೆ ಅದಕ್ಕೆ ಸೇರುವ ಕಸವನ್ನು ತಡೆಯಬೇಕು. ಬಯಲುಸೀಮೆಯ ಕೆಂಧೂಳಿನಲ್ಲಿ ಓಡಾಡುವವರು ಏರ್ ಫಿಲ್ಟರನ್ನು ತಿಂಗಳಿಗೊಮ್ಮೆ ತೆಗೆದು ನೋಡಿ. ಗಾಳಿ ಹೊಡೆಸುವುದಾದರೆ ಒಳಗಿನಿಂದ ಹೊರಕ್ಕೆ ಹೊಡೆಸಿ, ಹರಿದದ್ದನ್ನು ಎಸೆಯಿರಿ. ಮರಳು ಕಣ ಸಿಲಿಂಡರನ್ನು ಸೇರಿ ಆಯಿಲಿಗೆ ಇಳಿದರೆ ಎಂತಹ ಆಯಿಲೂ ಕಾಪಾಡದು. ರೇಡಿಯೇಟರಿಗೆ ಬೋರ್‌ವೆಲ್ ನೀರು ಹಾಕಬೇಡಿ. ಕೋಲಾರ, ಬೆಂಗಳೂರು ಗ್ರಾಮಾಂತರದ ಗಡಸು ನೀರು ಒಳಗೆ ಪೊರೆ ಕಟ್ಟಿ, ಎಂಜಿನ್ ಕಾದು, ಹೆಡ್ ಗ್ಯಾಸ್ಕೆಟ್ಟಿಗೆ ಕುತ್ತು. ಕೂಲಂಟನ್ನು ಡಿಸ್ಟಿಲ್ಡ್ ನೀರಿನ ಜೊತೆ ಡಬ್ಬಿಯಲ್ಲಿ ಹೇಳಿದ ಪ್ರಮಾಣದಲ್ಲಿ ಬೆರೆಸಿ. ಬಿಸಿ ಇರುವಾಗ ರೇಡಿಯೇಟರಿನ ಮುಚ್ಚಳ ಮುಟ್ಟಬೇಡಿ. ಆಯಿಲಿನಾಚೆಗೂ ಮನೆಯಲ್ಲೇ ನೋಡಿಕೊಳ್ಳಬೇಕಾದ ಕೆಲವು ಸಂಗತಿಗಳಿವೆ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ನೂರಕ್ಕೆ 20ರವರೆಗೆ ಎಥನಾಲ್ ಇರುತ್ತದೆ. ಅದಕ್ಕೆಂದು ಮಾಡಿರದ ಹಳೆ ಕಾರಿನ ರಬ್ಬರ್ ಕೊಳವೆಗಳು ಬಿರುಕು ಬಿಟ್ಟಿವೆಯೇ, ಪೆಟ್ರೋಲ್ ವಾಸನೆ ಬರುತ್ತಿದೆಯೇ ಎಂದು ಆಗಾಗ ನೋಡಿಕೊಳ್ಳಿ. ಬ್ಯಾಟರಿ ಟರ್ಮಿನಲ್ಲಿನ ಹಸಿರು ಪುಡಿಯನ್ನು ಸೋಡಾ ಹಾಕಿದ ಬಿಸಿನೀರಲ್ಲಿ ತೊಳೆದು ವ್ಯಾಸಲಿನ್ ಹಚ್ಚಿ, ಬಿಚ್ಚುವಾಗ ಮೈನಸ್ ಮೊದಲು. ಟೈರಿನ ಗಾಳಿ ಎಷ್ಟೆಂದು ಡ್ರೈವರ್ ಬಾಗಿಲಿನ ಬಳಿಯ ಚೀಟಿಯಲ್ಲಿದೆ. ಮಲೆನಾಡಿನವರು ಗಾಜಿನ ಕೆಳಗೆ ವೈಪರ್ ಬುಡದಲ್ಲಿ ಸೇರುವ ಎಲೆ ಕಸ ಬಾಚಿ ತೆಗೆಯಿರಿ, ಇಲ್ಲದಿದ್ದರೆ ಮಳೆ ನೀರು ಹೋಗಲು ದಾರಿಯಿಲ್ಲದೆ ಕಾಲಿನ ಬಳಿ ಇಳಿಯುತ್ತದೆ.

ಬ್ರೇಕು, ಸ್ಟೀರಿಂಗು, ಟೈಮಿಂಗ್ ಬೆಲ್ಟು, ಈ ಮೂರನ್ನು ಅನುಭವಸ್ಥ ಮೆಕ್ಯಾನಿಕ್ಕಿಗೇ ಬಿಡಿ. 796 ಸಿಸಿ ಎಂಜಿನ್ನಿನಲ್ಲಿ ಕ್ಯಾಮ್ ಶಾಫ್ಟನ್ನು ತಿರುಗಿಸುವುದು ರಬ್ಬರ್ ಬೆಲ್ಟು. ಹಳೆ ಕಾರು ಕೊಂಡಾಗ ಅದು ಯಾವಾಗ ಬದಲಾಗಿದೆ ಎಂಬುದಕ್ಕೆ ರಸೀದಿ ಇಲ್ಲದಿದ್ದರೆ, ಬದಲಾಗಿಲ್ಲ ಎಂದೇ ತಿಳಿದು ಹೊಸದು ಹಾಕಿಸಿ. ಕೆ10ರಂಥ ಎಂಜಿನ್ನಿನಲ್ಲಿ ಬೆಲ್ಟಿನ ಬದಲು ಚೈನು ಇದೆ. ಆ ಚೈನಿನ ಆಯುಸ್ಸಿಗೂ ಆಧಾರ ಆಯಿಲೇ.

ಆಯಿಲನ್ನು ಗುರುತಿನ ಅಂಗಡಿಯಲ್ಲಿ, ಇಲ್ಲವೇ ಕಂಪನಿಯ ಪೆಟ್ರೋಲ್ ಬಂಕಿನಲ್ಲಿ ಬಿಲ್ ಪಡೆದು ಕೊಳ್ಳಿ. ಮುಚ್ಚಳದ ಸೀಲ್ ಒಡೆದಿದ್ದರೆ, ಲೇಬಲ್ ಸೊಟ್ಟಗಿದ್ದರೆ, ಬೆಲೆ ಅನುಮಾನ ಬರುವಷ್ಟು ಕಡಿಮೆಯಿದ್ದರೆ ವಾಪಸ್ ಇಡಿ. ನಕಲಿ ಮಾಡುವವರಿಗೆ ಬೇಕಾದ್ದು ಖಾಲಿಯಾದ ಅಸಲಿ ಡಬ್ಬಿ. ಅದಕ್ಕೇ ನಿಮ್ಮ ಖಾಲಿ ಡಬ್ಬಿಗೆ ನಾಲ್ಕು ಕಡೆ ತೂತು ಹೊಡೆದು ಗುಜರಿಗೆ ಹಾಕಿ.

ಬಸಿದು ತೆಗೆದ ಹಳೆ ಆಯಿಲನ್ನು ಏನು ಮಾಡುತ್ತೀರಿ? ನಮ್ಮಲ್ಲಿ ಗೆದ್ದಲು ಬಾರದಿರಲಿ ಎಂದು ಬೇಲಿಯ ಗೂಟಕ್ಕೆ ಬಳಿಯುತ್ತಾರೆ, ಸೆಂಟ್ರಿಂಗ್ ಶೀಟಿಗೆ ಸವರುತ್ತಾರೆ, ಉಳಿದದ್ದನ್ನು ತೋಟದ ಅಂಚಿಗೆ ಚೆಲ್ಲುತ್ತಾರೆ. ಒಂದು ಸಲ ಬದಲಾಯಿಸಿದ ಆಯಿಲ್ ಹತ್ತು ಲಕ್ಷ ಗ್ಯಾಲನ್ ಸಿಹಿನೀರನ್ನು ಕೆಡಿಸಬಲ್ಲದು ಎನ್ನುತ್ತದೆ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ. ಅದರಲ್ಲಿ ಮಸಿ ಇದೆ, ಸವೆದ ಲೋಹ ಇದೆ, ಅರ್ಧ ಉರಿದ ಪೆಟ್ರೋಲಿನ ವಿಷ ಇದೆ. ನಮ್ಮ ದೇಶದ 2016ರ ನಿಯಮಗಳಲ್ಲೂ ಅದು ಅಪಾಯಕಾರಿ ತ್ಯಾಜ್ಯವೇ. ತೋಟದ ಕೆಳಗೇ ಬಾವಿ, ಬಾವಿಯ ಕೆಳಗೇ ಹಳ್ಳ ಇರುವ ಊರು ನಮ್ಮದು. ಸೋಸಿ ಶುದ್ಧಿ ಮಾಡಿದರೆ ಅದೇ ಹಳೆ ಆಯಿಲಿನಿಂದ ಮತ್ತೆ ಹೊಸ ಆಯಿಲ್ ಆಗುತ್ತದೆ, ಆ ಕೆಲಸಕ್ಕೆ ಪರವಾನಗಿ ಪಡೆದ ಕಾರ್ಖಾನೆಗಳಿವೆ. ದೊಡ್ಡ ಸರ್ವಿಸ್ ಸೆಂಟರುಗಳಲ್ಲಿ ಬ್ಯಾರೆಲ್ ತುಂಬಿಸಿ ಅಲ್ಲಿಗೆ ಕಳಿಸುತ್ತಾರೆ. ನೀರು, ಸೀಮೆಎಣ್ಣೆ, ಕೂಲಂಟ್ ಯಾವುದನ್ನೂ ಬೆರೆಸದೆ, ಸೋರದ ಕ್ಯಾನಿನಲ್ಲಿ ತುಂಬಿ, ಮಕ್ಕಳ ಕೈಗೆ ಸಿಗದ ಕಡೆ ಇಡಿ. ಮುಂದಿನ ಸಲ ಪೇಟೆಗೆ ಹೋಗುವಾಗ ಡಿಕ್ಕಿಯಲ್ಲಿಟ್ಟುಕೊಂಡು ಹೋಗಿ ಅಂಥ ಕಡೆ ಕೊಟ್ಟುಬನ್ನಿ. ಹಳೆ ಫಿಲ್ಟರನ್ನೂ ರಾತ್ರಿಯಿಡೀ ಬೋರಲು ಹಾಕಿ ಬಸಿದು, ಜೊತೆಗೇ ಕೊಡಿ.